ಮರಳುಗಾಡಿನ ಬಿಸಿಲು ರಾತ್ರಿಗೆ ಉಳಿಯುವುದು ಹೇಗೆ?

ಅಬುಧಾಬಿಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಬೇಸಿಗೆಯ ನಡುರಾತ್ರಿಯಲ್ಲೂ ಏಸಿ ಆರಿಸಲಾಗದ ಊರದು. ಅದಕ್ಕಾಗಿಯೇ ಅಲ್ಲಿನ ಮಸ್ದಾರ್ ಕಂಪನಿ 2025ರ ಜನವರಿಯಲ್ಲಿ ದೊಡ್ಡದೊಂದು ಯೋಜನೆ ಪ್ರಕಟಿಸಿತು: 5.2 ಗಿಗಾವಾಟ್ ಸೌರಫಲಕಗಳು, ಜೊತೆಗೆ 19 ಗಿಗಾವಾಟ್-ಅವರ್ ಬ್ಯಾಟರಿ. ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್. ಇದು ಅದರ ಎರಡೂವರೆ ಪಟ್ಟು.

ಇಷ್ಟು ಹೂಡಿ ಪಡೆಯುವುದು ಹಗಲಿರುಳು ಒಂದೇ ಸಮನೆ 1 ಗಿಗಾವಾಟ್ ಮಾತ್ರ. ದುಂದು ಎನಿಸೀತು. ಆದರೆ ಫಲಕಕ್ಕೆ ದುಡಿಮೆ ಹಗಲಲ್ಲಷ್ಟೇ. ಆ ಕೆಲವು ಗಂಟೆಗಳಲ್ಲಿ ಆ ಹೊತ್ತಿನ ಬೇಡಿಕೆ ಪೂರೈಸಿ, ಮರುದಿನದ ಬಿಸಿಲೇರುವವರೆಗೆ ಬೇಕಾದದ್ದನ್ನೂ ಬ್ಯಾಟರಿಗೆ ತುಂಬಬೇಕು.

ಮರಳುಗಾಡು ಸೌರವಿದ್ಯುತ್ತಿಗೆ ಹೇಳಿಮಾಡಿಸಿದ ಜಾಗ ಎನ್ನುವುದು ಅರ್ಧ ನಿಜ. ಫಲಕದ ಸಾಮರ್ಥ್ಯ ಅಳೆಯುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಮೇಲೆ ಕಾವು ಏರಿದ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಧೂಳಿನ ಕಾಟ ಬೇರೆ. ನಸುಕಿನ ಇಬ್ಬನಿಗೆ ಒದ್ದೆಯಾದ ಧೂಳು, ಬಿಸಿಲೇರುತ್ತಲೇ ಒಣಗಿ ಗಾಜಿಗೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ತೊಳೆಯೋಣವೆಂದರೆ, ಕುಡಿಯುವ ನೀರಿಗೂ ಸಮುದ್ರದ ಉಪ್ಪು ತೆಗೆಯಬೇಕಾದ ನಾಡು! ಹಾಗಾಗಿ ಇಂಥ ಸ್ಥಾವರಗಳಲ್ಲಿ ರೋಬಾಟ್‌ಗಳು ಕತ್ತಲಾದ ಮೇಲೆ ಸಾಲಿನುದ್ದಕ್ಕೂ ಉರುಳುತ್ತ, ಒಣ ಬ್ರಷ್‌ನಿಂದಲೇ ಗುಡಿಸುತ್ತವೆ.

ಬ್ಯಾಟರಿಗೂ ಸೆಖೆ ಆಗದು. ಬ್ಯಾಟರಿಗಳಿರುವ ಕಂಟೇನರ್‌ಗಳನ್ನು ತಂಪಾಗಿಡಲು, ಕೂಡಿಟ್ಟ ವಿದ್ಯುತ್ತಿನಲ್ಲೇ ಒಂದು ಪಾಲು ಖರ್ಚಾಗುತ್ತದೆ.