ವರ್ಸೇಲ್ಸ್, ಶ್ರೀರಂಗಪಟ್ಟಣ ಮತ್ತು ನಮ್ಮ ಗದ್ದೆಯ ಬದು

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದರೆ ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ. ಅಕ್ಕನ ಮಗ ಜಗಲಿ ಮೇಲೆ ಕೂತು ಜೋರಾಗಿ ಉರು ಹೊಡೆಯುತ್ತಿದ್ದ. "ಮೊದಲನೇ ಮಹಾಯುದ್ಧಕ್ಕೆ ಕಾರಣಗಳು. ಒಂದು, ಸಾಮ್ರಾಜ್ಯಶಾಹಿ. ಎರಡು, ಉಗ್ರ ರಾಷ್ಟ್ರೀಯತೆ. ಮೂರು, ರಹಸ್ಯ ಒಪ್ಪಂದಗಳು. ನಾಲ್ಕು, ಶಸ್ತ್ರಾಸ್ತ್ರ ಪೈಪೋಟಿ. ಐದು, ತಕ್ಷಣದ ಕಾರಣ..." ನಾನೂ ಇದೇ ಜಗಲಿ ಮೇಲೆ ಇದೇ ಐದನ್ನು ಇದೇ ರಾಗದಲ್ಲಿ ಉರು ಹೊಡೆದವನೇ. ಮಾರ್ಕ್ಸ್ ಗ್ಯಾರಂಟಿ :)

ನನ್ನನ್ನು ನೋಡಿ ಪುಸ್ತಕ ಮಡಚಿದ. "ಮಾವ, ಯಾವನೋ ಯುವರಾಜನ್ನ ಕೊಂದ್ರೆ ಮೈಸೂರಿನವರು ಯಾಕೆ ಯುದ್ಧಕ್ಕೆ ಹೋದ್ರು? ಆಮೇಲೆ ಶಾಂತಿ ಒಪ್ಪಂದ ಆಯ್ತಲ್ಲ, ಇಪ್ಪತ್ತೇ ವರ್ಷಕ್ಕೆ ಮತ್ತೆ ಯಾಕೆ ಹೊಡೆದಾಡಿದ್ರು?"

ಅವತ್ತು ಏನೋ ಹೇಳಿ ಜಾರಿಕೊಂಡೆ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ "ತಕ್ಷಣದ ಕಾರಣ". 1914ರ ಜೂನ್ 28ರಂದು ಸರಾಯೆವೋದಲ್ಲಿ ಹತ್ತೊಂಬತ್ತು ವರ್ಷದ ಗಾವ್ರಿಲೋ ಪ್ರಿನ್ಸಿಪ್ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಮತ್ತು ಆತನ ಹೆಂಡತಿ ಸೋಫಿಯನ್ನು ಗುಂಡಿಟ್ಟು ಕೊಂದ. ಯುದ್ಧ ಮಾರನೇ ದಿನವೇ ಶುರುವಾಗಲಿಲ್ಲ. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಜುಲೈ 28ಕ್ಕೆ, ಬರೋಬ್ಬರಿ ಒಂದು ತಿಂಗಳ ನಂತರ. ಆ ಮೇಲೆ ನೋಡಿ: ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ. 4ಕ್ಕೆ ಜರ್ಮನ್ ಸೈನ್ಯ ಬೆಲ್ಜಿಯಮ್ಮಿಗೆ ನುಗ್ಗಿತು, ಅವತ್ತೇ ಬ್ರಿಟನ್ ಕೂಡ ಇಳಿಯಿತು. ಒಂದು ತಿಂಗಳು ಮಾತಾಡಲು ಸಮಯವಿತ್ತು, ಒಂದೇ ವಾರದಲ್ಲಿ ಎಲ್ಲ ಕೈಮೀರಿತು. ಸೈನ್ಯವನ್ನು ಗಡಿಗೆ ಸಾಗಿಸುವ ರೈಲುಗಳ ವೇಳಾಪಟ್ಟಿ ಕೂಡ ಮೊದಲೇ ಸಿದ್ಧವಾಗಿತ್ತು. ತಡ ಮಾಡಿದವನು ಸೋತ ಅನ್ನೋ ಭಯ ಎಲ್ಲರಿಗೂ. ನಮ್ಮ ಐದು ಕಾರಣಗಳ ಪಟ್ಟಿಯಲ್ಲಿ ಈ "ಭಯ" ಅನ್ನೋದು ಇಲ್ಲವೇ ಇಲ್ಲ!

ಆ ಭಯದ ಬೇರು ಇನ್ನೂ ಹಿಂದಿನದು. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತಿತ್ತು. ಅಲ್ಸೇಸಿನ ಬಹುಭಾಗ, ಲೊರೇನಿನ ಒಂದು ಭಾಗ, ಜೊತೆಗೆ 500 ಕೋಟಿ ಫ್ರಾಂಕ್ ದಂಡ ತೆತ್ತಿತ್ತು. ಅಷ್ಟೇ ಅಲ್ಲ, ಜರ್ಮನ್ ಸಾಮ್ರಾಜ್ಯದ ಘೋಷಣೆ ಆದದ್ದು ಜರ್ಮನಿಯಲ್ಲಲ್ಲ, ಫ್ರೆಂಚರದೇ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ. ಸೋತವನ ಮನೆಯ ನಡುಮನೆಯಲ್ಲಿ ಗೆದ್ದವನು ಪಟ್ಟಾಭಿಷೇಕ ಮಾಡಿಕೊಂಡ ಹಾಗೆ. ಫ್ರೆಂಚರು ಮರೆಯಲಿಲ್ಲ. 1919ರ ಜೂನ್ 28ರಂದು, ಸರಾಯೆವೋ ಕೊಲೆಯಾಗಿ ಸರಿಯಾಗಿ ಐದು ವರ್ಷಕ್ಕೆ, ಜರ್ಮನರ ಕೈಲಿ ಸಹಿ ಹಾಕಿಸಿದ್ದು ಅದೇ ಹಜಾರದಲ್ಲಿ.

ಇನ್ನು ನಮ್ಮ ಹುಡುಗನ ಮೊದಲ ಪ್ರಶ್ನೆ, ಮೈಸೂರು ಯಾಕೆ ಹೋಯಿತು? ಇದಕ್ಕೆ ಉತ್ತರ ಯುರೋಪಿನಲ್ಲಿಲ್ಲ. ನಮ್ಮೂರಿಂದ ಮೈಸೂರು ದಾಟಿದರೆ ಸಿಗುವ ಶ್ರೀರಂಗಪಟ್ಟಣದಲ್ಲಿದೆ.

ಅಲ್ಲಿ 1792ರ ಮಾರ್ಚಿನಲ್ಲಿ ಒಂದು ಶಾಂತಿ ಒಪ್ಪಂದ ಆಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳು ಕಾರ್ನ್‌ವಾಲಿಸ್‌ನ ಬಳಿ ಒತ್ತೆ. ಹಣ ತೀರಿತು, 1794ರಲ್ಲಿ ಮಕ್ಕಳೂ ಮನೆಗೆ ಬಂದರು. ಆದರೆ ಶಾಂತಿ ಬರಲಿಲ್ಲ. ಟಿಪ್ಪು ಫ್ರೆಂಚರ ನೆರವಿಗಾಗಿ ಮಾರಿಷಸ್ಸಿಗೆ ದೂತರನ್ನು ಕಳಿಸಿದ. ಇತ್ತ 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ, ವೆಲ್ಲೆಸ್ಲಿಗೆ ಅಷ್ಟು ಸಾಕಾಯಿತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಶಾಂತಿ ಒಪ್ಪಂದವಾಗಿ ಏಳೇ ವರ್ಷ!

ಟಿಪ್ಪು ಸರಿಯೋ ತಪ್ಪೋ ಅನ್ನೋ ಜಗಳಕ್ಕೆ ನಾನು ಬರಲ್ಲ. ನನಗೆ ಕಂಡದ್ದು ಇಷ್ಟು. ಆ ಒಪ್ಪಂದ ಸೋತವನಲ್ಲಿ ಹಗೆಯನ್ನೂ ಉಳಿಸಿತು, ಹಗೆ ತೀರಿಸಿಕೊಳ್ಳಬಹುದು ಅನ್ನುವಷ್ಟು ಶಕ್ತಿಯನ್ನೂ ಉಳಿಸಿತು. ಗೆದ್ದವನಲ್ಲಿ ಭಯ ಉಳಿಸಿತು. ಅದು ಶಾಂತಿಯಲ್ಲ, ವಾಯಿದೆ.

1799ರ ನಂತರ ಒಡೆಯರಿಗೆ ಸಿಂಹಾಸನ ಸಿಕ್ಕಿತು, ಆದರೆ ಇಂಗ್ಲಿಷರ ಅಧೀನದಲ್ಲಿ. ಹಾಗಾಗಿ 1914ರಲ್ಲಿ ಯುದ್ಧ ಬೇಕೋ ಬೇಡವೋ ಅಂತ ಮೈಸೂರನ್ನು ಯಾರೂ ಕೇಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಆಗ ದಿವಾನರು ವಿಶ್ವೇಶ್ವರಯ್ಯನವರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹಡಗು ಹತ್ತಿ ಸೂಯೆಜ್ ಕಾಲುವೆ ಕಾಯಲು ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರ ಜೊತೆ ಸೇರಿ, ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು, ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಕಾದಾಡಿ ಹೈಫಾ ಪಟ್ಟಣ ಗೆದ್ದರು. ಸುಮಾರು 1350 ಮಂದಿ ಸೆರೆ ಸಿಕ್ಕರು. ಅಕ್ಟೋಬರ್ 26ಕ್ಕೆ ಅಲೆಪ್ಪೋ ಹತ್ತಿರದ ಹರಿತಾನಿನಲ್ಲಿ ಮತ್ತೆ ನುಗ್ಗಿದರು. ನಾಲ್ಕೇ ದಿನಕ್ಕೆ ತುರ್ಕರ ಜೊತೆ ಕದನವಿರಾಮದ ಸಹಿ ಬಿತ್ತು. ನಾಲ್ಕು ದಿನ ತಾಳಿದ್ದರೆ ಹರಿತಾನಿನಲ್ಲಿ ಸತ್ತವರು ಊರಿಗೆ ಬರುತ್ತಿದ್ದರಲ್ಲ ಅಂತ ಓದುವಾಗ ಹೊಟ್ಟೆ ಚುರುಕ್ ಅಂತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. ಅವರು ಗೆದ್ದುಕೊಟ್ಟ ಆ ನೆಲದಲ್ಲಿ ಶಾಂತಿಯ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ.

ಈಗ ಎರಡನೇ ಪ್ರಶ್ನೆ. ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿ ಸುಮಾರು ಶೇ. 13 ಭಾಗ ನೆಲ ಕಳೆದುಕೊಂಡಿತು, ಸೈನ್ಯ ಒಂದು ಲಕ್ಷಕ್ಕಿಳಿಯಿತು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಪರಿಹಾರ ಗೊತ್ತುಮಾಡಿದರು. ಅದರಲ್ಲಿ ಕೊನೆಗೆ ಕೊಟ್ಟದ್ದು ಸ್ವಲ್ಪವೇ. ಅವರನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು 231ನೇ ಕಲಮು: ಎಲ್ಲ ನಷ್ಟಕ್ಕೂ ಜರ್ಮನಿ ಮತ್ತು ಅದರ ಜೊತೆಗಾರರೇ ಹೊಣೆ ಅನ್ನೋದು. ಪರಿಹಾರ ಕೇಳಲು ಕಾನೂನಿನ ಆಧಾರ ಬೇಕು ಅಂತ ಬರೆದ ಸಾಲು ಅದು. ಜರ್ಮನರಿಗೆ ಮಾತ್ರ ಅದು "ತಪ್ಪೆಲ್ಲ ನಿನ್ನದೇ" ಅಂತ ಕೇಳಿಸಿತು.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಗದ್ದೆಯ ಬದುವಿನ ವಿಷಯಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳವಾಗಿತ್ತು. ಯಜಮಾನರು ಸೇರಿ ಪಂಚಾಯ್ತಿ ಮಾಡಿದರು. ಅಪ್ಪ ಗೆದ್ದರು. ಬದು ಎರಡು ಮೊಳ ಆ ಕಡೆ ಸರಿಯಿತು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತೇನೋ. "ತಪ್ಪು ನನ್ನದೇ" ಅಂತ ಮುಚ್ಚಳಿಕೆ ಬರೆದುಕೊಡಲಿ ಅಂತ ಅಪ್ಪ ಹಟ ಹಿಡಿದರು. ಚಿಕ್ಕಪ್ಪ ಬರೆದುಕೊಟ್ಟರು. ಆಮೇಲೆ ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ, ಅಕ್ಕನ ಮದುವೆಗೂ ಬರಲಿಲ್ಲ. ಆ ಎರಡು ಮೊಳ ಗದ್ದೆಯಲ್ಲಿ ಎಷ್ಟು ಭತ್ತ ಬೆಳೆಯಿತೋ ನಾನು ಕಾಣೆ.

ಹಾಗಂತ ಎರಡನೇ ಮಹಾಯುದ್ಧಕ್ಕೆ ವರ್ಸೇಲ್ಸ್ ಒಂದೇ ಕಾರಣ ಅಂತ ಬರೆದರೆ ಅದೂ ಉರು ಹೊಡೆದ ಉತ್ತರವೇ. 1926ರಲ್ಲಿ ಜರ್ಮನಿ ರಾಷ್ಟ್ರಸಂಘ ಸೇರಿತ್ತು, ಗಾಯ ಸ್ವಲ್ಪ ಮಾಯುತ್ತಿತ್ತು. 1929ರ ಆರ್ಥಿಕ ಕುಸಿತ ಬಂತು, ಕೆಲಸವಿಲ್ಲದ ಲಕ್ಷಾಂತರ ಜನರ ಮುಂದೆ ಹಿಟ್ಲರ್ ಆ ಹಳೇ ಗಾಯವನ್ನೇ ಕೆರೆದ. ಅವನು ಮಾಡಿದ್ದಕ್ಕೆ ಅವನೇ ಹೊಣೆ. ಒಪ್ಪಂದ ಅವನಿಗೆ ಕೊಟ್ಟದ್ದು ಕೆರೆಯಲು ಒಂದು ಗಾಯ. 1940ರಲ್ಲಿ ಫ್ರಾನ್ಸ್ ಸೋತಾಗ, 1918ರಲ್ಲಿ ಜರ್ಮನರು ಸಹಿ ಹಾಕಿದ್ದ ಅದೇ ರೈಲು ಬೋಗಿಯನ್ನು ಹೊರತೆಗೆಸಿ ಅದರಲ್ಲೇ ಫ್ರೆಂಚರ ಸಹಿ ಹಾಕಿಸಿಕೊಂಡ. ಮುಯ್ಯಿಗೆ ಮುಯ್ಯಿ.

ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಇಷ್ಟುದ್ದ ಬರೆದ್ರೆ ಟೈಮ್ ಸಾಲಲ್ಲ ಮಾವ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಚಿಕ್ಕಜ್ಜನ ಮನೇಗೆ ನಾವು ಯಾಕೆ ಹೋಗಲ್ಲ ಅಂತ ಇವತ್ತು ಗೊತ್ತಾಯ್ತು" ಅಂದ.

ಅಪ್ಪ ಈಗಿಲ್ಲ. ಚಿಕ್ಕಪ್ಪನಿಗೆ ವಯಸ್ಸಾಗಿದೆ. ಆ ಮುಚ್ಚಳಿಕೆ ಇನ್ನೂ ಅಪ್ಪನ ಟ್ರಂಕಿನಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ತೆಗೆದುಕೊಂಡು ಹೋಗಿ ಅವರ ಕೈಗೇ ಕೊಟ್ಟುಬಿಡೋಣ ಅಂತಿದ್ದೇನೆ. ನೀವೇನಂತೀರಿ?