ವೈದ್ಯರ ಹೊಣೆಗಾರಿಕೆಯೂ ಹೆರಿಗೆಯ ಆಯ್ಕೆಯೂ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತುದು ವಾಚಕರಿಗೆ ವಿದಿತವೇ ಆಗಿದೆ. ಹಳ್ಳಿಯ ಸೂಲಗಿತ್ತಿಯರ ಪದ್ಧತಿಯಲ್ಲಿ ಸಮ್ಮತಿಪತ್ರವೆಂಬುದಿರಲಿಲ್ಲ. ಊರಿನ ನಂಬಿಕೆಯೇ ಆಧಾರ. ಆ ಕಾಲವನ್ನು ಸುವರ್ಣಯುಗವೆಂದು ನಾವು ಬಗೆಯುವುದಿಲ್ಲ. ಬಾಣಂತಿ ಸತ್ತರೆ ಅವಳ ಪರವಾಗಿ ಕೇಳುವವರೂ ಇರಲಿಲ್ಲ.

ಕೇಳುವ ಹಾದಿ ಸುಲಭವಾದುದು 1995ರ ನವೆಂಬರಿನಲ್ಲಿ. ಹಣ ಪಡೆದು ಮಾಡುವ ಚಿಕಿತ್ಸೆಯು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುವುದೆಂದು ವಿ. ಪಿ. ಶಾಂತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ನೀಡುವ ಸೇವೆ ಹೊರಗುಳಿಯಿತು.

ಇದರ ಪರಿಣಾಮವನ್ನರಿಯಲು ಒಮ್ಮೆ ಸಿಸೇರಿಯನ್ ಆದ ಹೆಂಗಸಿನ ಎರಡನೆಯ ಬಸಿರನ್ನು ನೋಡಬೇಕು. ಸಹಜ ಹೆರಿಗೆಗೆ ಎಡೆಗೊಟ್ಟರೆ ಗರ್ಭಕೋಶದ ಹಳೆಯ ಗಾಯ ಬಿರಿಯುವ ಸಂಭವ ಸುಮಾರು 200ಕ್ಕೆ ಒಂದು. ಆದರೆ ಬಿರಿದಾಗ ನಿಮಿಷಗಳಲ್ಲಿ ಶಸ್ತ್ರಕ್ರಿಯೆ ನಡೆಯಬೇಕು. ಅರಿವಳಿಕೆಯ ವೈದ್ಯರೂ ರಕ್ತವೂ ಸಿದ್ಧವಿರಬೇಕು. ಸಣ್ಣ ಊರಿನ ಆಸ್ಪತ್ರೆಗೆ ಇದು ಸುಲಭವಲ್ಲ. ಶಸ್ತ್ರಕ್ರಿಯೆ ತಡವಾಯಿತೆಂದು ದೂರು ಕೊಡುವವರುಂಟು, ಅನವಶ್ಯಕವಾಗಿ ನಡೆಯಿತೆಂದು ದೂರುವವರು ವಿರಳ. ಈ ಲೆಕ್ಕವನ್ನು ವೈದ್ಯರು ಬಲ್ಲರು; ಆದುದರಿಂದ ಸಹಜ ಹೆರಿಗೆಯ ಮಾತನ್ನೇ ಎತ್ತದಿರುವುದುಂಟು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳು 2015-16ರಲ್ಲಿ ಶೇಕಡ 23.6, 2019-21ರಲ್ಲಿ 31.5. ಈ ಎರಡನೆಯ ಸಮೀಕ್ಷೆಯಲ್ಲಿ ಸರಕಾರಿ ಆಸ್ಪತ್ರೆಗಳ ಪ್ರಮಾಣ 22.6 ಆಗಿದ್ದರೆ ಖಾಸಗಿಯವುಗಳದು 52.5. ಈ ಅಂತರವೆಲ್ಲ ವ್ಯಾಜ್ಯದ ಭಯದಿಂದಲೇ ಹುಟ್ಟಿತೆನ್ನುವುದು ದುಡುಕಾದೀತು. ಶುಲ್ಕವುಂಟು, ವೈದ್ಯರ ಸಮಯದ ಅನುಕೂಲವುಂಟು, ನೋವಿಗಂಜುವ ಮನೆಯವರ ಒತ್ತಾಯವೂ ಉಂಟು. ಒಳ್ಳೆಯ ಮುಹೂರ್ತ ಕೇಳಿಕೊಂಡು ಬರುವವರನ್ನೂ ಮರೆಯುವಂತಿಲ್ಲ.

ವಿಚಿತ್ರವೆಂದರೆ, ನ್ಯಾಯಾಲಯವು ಇಂಥ ಅಂಜಿಕೆಯನ್ನು ಬಯಸಿರಲಿಲ್ಲ. ಸಾಧಾರಣ ಕುಶಲತೆಯುಳ್ಳ ವೈದ್ಯನು ವಹಿಸುವ ಎಚ್ಚರಿಕೆಯೇ ಅಳತೆಗೋಲೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿತು. ಬದಲಿ ಚಿಕಿತ್ಸೆಗಳಿದ್ದರೆ ಅವನ್ನೂ ರೋಗಿಗೆ ತಿಳಿಸಿಯೇ ಸಮ್ಮತಿ ಪಡೆಯಬೇಕೆಂದು 2008ರ ಸಮೀರಾ ಕೊಹ್ಲಿ ತೀರ್ಪು ವಿಧಿಸಿತು. ಕಾನೂನು ತಿಳಿಸೆಂದ ದಾರಿಯನ್ನು ಕಾನೂನಿನ ಭಯವೇ ಮರೆಮಾಡುತ್ತಿದೆ.

ಹೊನ್ನವಳ್ಳಿಯ ತೆಂಗಿನ ಸೀಮೆಯಿಂದ ತಿಪಟೂರಿನ ಆಸ್ಪತ್ರೆಗೆ ಬರುವ ಗರ್ಭಿಣಿಗೆ ಈ ತೀರ್ಪುಗಳ ಹೆಸರು ತಿಳಿದಿರಬೇಕಾಗಿಲ್ಲ. ನೋವು ಕಾಣಿಸಿಕೊಂಡ ಮೇಲೆ ಮುಂದಿಟ್ಟ ಕಾಗದಕ್ಕೆ ರುಜು ಹಾಕುವಾಗ ಯೋಚನೆಗೆ ಎಡೆಯೆಲ್ಲಿ? ಏಳನೆಯ ತಿಂಗಳಲ್ಲಿಯೇ, ಸಹಜ ಹೆರಿಗೆಗೆ ಪ್ರಯತ್ನಿಸಬಹುದು, ಆದರೆ ಅದಕ್ಕೆ ತಕ್ಕ ಸಿದ್ಧತೆ ನಮ್ಮಲ್ಲಿಲ್ಲ ಎಂದು ವೈದ್ಯರು ಬಾಯಿಬಿಟ್ಟು ಹೇಳಿದರೆ, ತುಮಕೂರಿಗೋ ಬೆಂಗಳೂರಿಗೋ ಹೋಗುವುದನ್ನು ಅವಳೂ ತವರಿನವರೂ ಕುಳಿತು ತೀರ್ಮಾನಿಸಬಹುದು.