ಬೆನ್ನೆಲುಬಿನ ಬೇನೆಯೂ ಪ್ರತ್ಯಕ್ಷ ಪ್ರಮಾಣವೂ

ಬೆನ್ನೆಲುಬಿನ ಕಶೇರುಗಳು ಒಂದಕ್ಕೊಂದು ಬೆಸೆದು, ಬೆನ್ನು ಬಾಗದ ಕಂಬದಂತಾಗುವ ವ್ಯಾಧಿಯೊಂದುಂಟು. ವೈದ್ಯರು ಅದನ್ನು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಕರೆಯುವರು. ಅದು ಬಹುಮಟ್ಟಿಗೆ ತಾರುಣ್ಯದಲ್ಲಿಯೇ ತಲೆದೋರುವುದು. ಮಲಗಿದರೆ ನೋವು ಬಲಿಯುವುದು, ನಡೆದಾಡಿದರೆ ತಗ್ಗುವುದು. ಬೆನ್ನಿನ ಮೇಲೆ ಗಾಯವಿಲ್ಲ, ಬಾವಿಲ್ಲ. ಆದುದರಿಂದ ಮುಂಜಾನೆ ಏಳಲಾರದ ತರುಣನನ್ನು ಲೋಕವು ಸೋಮಾರಿಯೆಂದು ಬಗೆದುದುಂಟು. ಕಾಣದ ನೋವು ಕಣ್ಣಿಗೆ ಗೋಚರವಾದ ಬಗೆಯೇ ಈ ರೋಗದ ಇತಿಹಾಸವು.

ಮೊದಲು ಅದು ಕಂಡುದು ಸತ್ತವರಲ್ಲಿ. ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ ಐರ್ಲೆಂಡಿನ ವೈದ್ಯನಾದ ಬರ್ನಾರ್ಡ್ ಕಾನರ್ ಎಂಬಾತನು ಫ್ರಾನ್ಸಿನಲ್ಲಿ ದೊರೆತ ಅಸ್ಥಿಪಂಜರವೊಂದನ್ನು ವರ್ಣಿಸಿದನು. ಅದರಲ್ಲಿ ಕಶೇರು, ಪಕ್ಕೆಲುಬು, ಶ್ರೋಣಿಯ ಎಲುಬುಗಳು ಸಂಧಿಯೇ ಇಲ್ಲದ ಒಂದೇ ಎಲುಬಾಗಿದ್ದುವು. ಮುಂದೆ 1893ರಲ್ಲಿ ರಷ್ಯದ ಬೆಖ್ಟೆರೆವ್, 1897ರಲ್ಲಿ ಜರ್ಮನಿಯ ಸ್ಟ್ರ್ಯುಂಪೆಲ್, 1898ರಲ್ಲಿ ಫ್ರಾನ್ಸಿನ ಪಿಯೆರ್ ಮಾರಿ ಇವರು ಬದುಕಿರುವ ರೋಗಿಗಳ ಲಕ್ಷಣಗಳನ್ನು ವಿವರಿಸಿದರು. ಆದರೂ ಒಳಗಿನ ವಿಕಾರವು ಅನುಮಾನಗಮ್ಯವೇ ಆಗಿತ್ತು.

1895ರ ನವೆಂಬರ್ 8ರಂದು ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಗೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದಿದ್ದನು. ಅವುಗಳ ಸಹಾಯದಿಂದ 1930ರ ದಶಕದ ವೈದ್ಯರು ರೋಗದ ಮೂಲಸ್ಥಾನವನ್ನು ಗುರುತಿಸಿದರು. ಬೆನ್ನಿನ ಬುಡದ ತ್ರಿಕಾಸ್ಥಿಯು ಶ್ರೋಣಿಯನ್ನು ಸೇರುವ ಎಡಬಲದ ಸಂಧಿಗಳ ಅಂಚು ಸವೆದು, ಬಳಿಕ ಸಂಧಿಯೇ ಮುಚ್ಚಿಹೋಗುವುದು. 1984ರ ಪರಿಷ್ಕೃತ ನ್ಯೂಯಾರ್ಕ್ ನಿಯಮಗಳು ನಿಶ್ಚಿತ ನಿರ್ಣಯಕ್ಕೆ ಈ ಚಿತ್ರವು ಬೇಕೇ ಬೇಕೆಂದುವು. ಆದರೆ ಕಿರಣವು ತೋರುವುದು ಎಲುಬಿಗಾದ ಹಾನಿಯನ್ನು, ಹಾನಿಮಾಡುವ ಉರಿಯೂತವನ್ನಲ್ಲ. ಆ ಹಾನಿಯು ಚಿತ್ರದಲ್ಲಿ ಮೂಡಲು ಅನೇಕ ವರ್ಷಗಳು ಹಿಡಿಯುವುವು. ಅದುವರೆಗೆ ರೋಗಿಯ ಮಾತಿಗೆ ಸಾಕ್ಷಿಯಿರಲಿಲ್ಲ.

1973ರಲ್ಲಿ ಅಮೆರಿಕದ ಲಾಟರ್‌ಬರ್ ಪ್ರಕಟಿಸಿದ ಕಾಂತೀಯ ಚಿತ್ರಣವಿಧಾನವು, ಮುಂದೆ ಎಂ.ಆರ್.ಐ. ಎಂದು ಹೆಸರಾಗಿ, ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಪ್ರಬಲವಾದ ಕಾಂತಕ್ಷೇತ್ರದಲ್ಲಿ ಶರೀರದ ನೀರಿನಲ್ಲಿರುವ ಜಲಜನಕವು ರೇಡಿಯೋ ತರಂಗಗಳಿಗೆ ಓಗೊಡುವುದು. ಕೊಬ್ಬಿನ ಸಂಕೇತವನ್ನು ಅಡಗಿಸಿದರೆ, ಉರಿಯೂತದಿಂದ ಮಜ್ಜೆಯಲ್ಲಿ ತುಂಬಿದ ನೀರು ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದು. ಹೀಗೆ ಎಲುಬು ಕೆಡುವ ಮೊದಲೇ ರೋಗವು ಕಾಣತೊಡಗಿತು. 2009ರ ಅಂತಾರಾಷ್ಟ್ರೀಯ ವರ್ಗೀಕರಣ ನಿಯಮಗಳು ಈ ಚಿತ್ರಕ್ಕೂ ಕ್ಷ-ಕಿರಣಚಿತ್ರದೊಡನೆ ಸ್ಥಾನವನ್ನಿತ್ತುವು.

ಆದರೆ ಪ್ರತ್ಯಕ್ಷವೂ ಭ್ರಮೆಗೆ ಅತೀತವಲ್ಲ. ಓಟಗಾರರಲ್ಲಿಯೂ ಬಾಣಂತಿಯರಲ್ಲಿಯೂ ಈ ರೋಗವಿಲ್ಲದೆಯೇ ಅಂತಹ ಹೊಳಪು ಕಾಣುವುದುಂಟು. ರೋಗವಿದ್ದೂ ಚಿತ್ರವು ನಿರ್ದೋಷವಾಗಿರುವುದೂ ಉಂಟು. ಆದುದರಿಂದ ಚಿತ್ರವನ್ನು ನೋಡುವ ಕಣ್ಣಿನೊಡನೆ ರೋಗಿಯ ನುಡಿಯನ್ನು ಆಲಿಸುವ ಕಿವಿಯೂ ವೈದ್ಯನಿಗಿರಬೇಕು. ಮುಂಜಾನೆ ಏಳಲಾರೆನೆಂದ ತರುಣನು ನುಡಿದುದು ದಿಟವೆಂದು ಕಾಣಲು ಶಾಸ್ತ್ರಕ್ಕೆ ಸುಮಾರು ಮುನ್ನೂರು ವರ್ಷಗಳು ಬೇಕಾದುವು.